ತೊಟ್ಟಿಲಲ್ಲಿ ಏನು ಹಾಸಬೇಕು, ಏನು ಇಡಬಾರದು

(ಬಾಣಂತಿಯರ ವಾರ್ಡಿನಲ್ಲಿ ಮಕ್ಕಳ ವೈದ್ಯರು ಆಡಿದ ಮಾತುಗಳ ಬರಹರೂಪ)



ಇನ್ನೆರಡು ಮೂರು ದಿನಗಳಲ್ಲಿ ನೀವು ಕೂಸನ್ನು ಎತ್ತಿಕೊಂಡು ಊರಿಗೆ ಹೊರಡುತ್ತೀರಿ. ಮನೆಯಲ್ಲಿ ಆಗಲೇ ತೊಟ್ಟಿಲು ತೊಳೆದು ಒಣಗಿಸಿರುತ್ತಾರೆ. ತೊಟ್ಟಿಲ ಕಾರ್ಯಕ್ಕೆ ಬೀಗರು, ನೆಂಟರು ಮೆತ್ತನೆಯ ಗಾದಿ, ಪುಟ್ಟ ದಿಂಬು, ಗೊಂಬೆ, ದಪ್ಪ ಕಂಬಳಿ ತರುತ್ತಾರೆ. ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನಬೇಡಿರಿ. ಆದರೆ ಅದನ್ನು ತೊಟ್ಟಿಲಲ್ಲಿ ಇಡದೆ ಟ್ರಂಕಿನಲ್ಲಿ ಇಡಿರಿ.

ಯಾಕೆಂದರೆ ಮೊದಲ ಮೂರು ನಾಲ್ಕು ತಿಂಗಳು ಕೂಸಿನ ಕುತ್ತಿಗೆ ನಿಂತಿರುವುದಿಲ್ಲ. ಮೆತ್ತನೆಯ ಗಾದಿಯಲ್ಲಿ ಮುಖ ಹೂತುಹೋದರೆ ತಲೆ ಹೊರಳಿಸಿ ಮೂಗು ಬಿಡಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಮುಖದ ಮೇಲೆ ಬಿದ್ದ ಹೊದಿಕೆ ಸರಿಸಲೂ ಬರುವುದಿಲ್ಲ. ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಅಳುವ ಸದ್ದೂ ಇಲ್ಲದೆ, ಪಕ್ಕದಲ್ಲಿ ತಾಯಿ ಇದ್ದಾಗಲೇ ಅನಾಹುತ ಆಗಿಬಿಡಬಹುದು.

ಹಾಗಾದರೆ ಏನು ಹಾಸಬೇಕು? ನಮ್ಮ ಕಡೆಯ ಹಳೆಯ ಕೌದಿಯೇ ಸಾಕು. ಹತ್ತಾರು ಸಲ ಒಗೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದದ್ದು ಗಟ್ಟಿಯಾಗಿಯೂ ಇರುತ್ತದೆ, ಚರ್ಮಕ್ಕೆ ಚುಚ್ಚುವುದೂ ಇಲ್ಲ. ಅಂಗಡಿಯ ಹಾಸಿಗೆಗಿಂತ ಇದು ಕಡಿಮೆಯದೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ತೊಟ್ಟಿಲ ಅಳತೆಗೆ ಸರಿಯಾಗಿ ಮಡಚಿ ಸಮತಟ್ಟಾಗಿ ಹಾಸಿರಿ. ಅಂಗೈಯಿಂದ ಒತ್ತಿ ನೋಡಿರಿ. ಕೈ ತೆಗೆದ ಮೇಲೂ ಗುಣಿ ಉಳಿದರೆ ಅದು ಮೆತ್ತಗಾಯಿತು. ಹಾಸಿಗೆಗೂ ತೊಟ್ಟಿಲ ಪಕ್ಕಕ್ಕೂ ನಡುವೆ ಎರಡು ಬೆರಳು ಹೋಗುವಷ್ಟು ಸಂದು ಇರಬಾರದು. ರಬ್ಬರ್ ಶೀಟು ಬೇಕಿದ್ದರೆ ಕೌದಿಯ ಮೇಲೆ ಹಾಕಿ, ಅದರ ಮೇಲೆ ಹತ್ತಿಯ ಬಟ್ಟೆ ಹಾಸಿ ಅಂಚುಗಳನ್ನು ಬಿಗಿಯಾಗಿ ಕೆಳಗೆ ಸಿಕ್ಕಿಸಿರಿ. ತೆಳುವಾದ ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡವೇ ಬೇಡ, ಮೂಗಿಗೆ ಅಂಟಿಕೊಳ್ಳುತ್ತದೆ.

ಸಾಸಿವೆ ದಿಂಬಿನ ಬಗ್ಗೆ ಅಜ್ಜಿಯರು ನನ್ನೊಡನೆ ಜಗಳಕ್ಕೇ ಬರುತ್ತಾರೆ. ತಲೆ ದುಂಡಗೆ ಆಗಬೇಕೆಂಬ ಆಸೆ ಸಹಜ. ಆದರೆ ದಿಂಬು ತಲೆಯನ್ನು ಎತ್ತಿ ಗದ್ದವನ್ನು ಎದೆಗೆ ತಾಗಿಸುತ್ತದೆ, ಶ್ವಾಸನಾಳ ಮಡಚಿದಂತಾಗುತ್ತದೆ. ಕೂಸು ಎಚ್ಚರವಿದ್ದಾಗ, ನೀವು ಎದುರಿಗೆ ಕುಳಿತು, ದಿನಕ್ಕೆ ಕೆಲವು ಸಲ ಸ್ವಲ್ಪ ಹೊತ್ತು ಬೋರಲು ಹಾಕಿರಿ. ತಲೆ ಒಂದೇ ಕಡೆ ಒತ್ತುವುದು ತಪ್ಪುತ್ತದೆ, ಕುತ್ತಿಗೆಗೂ ಬಲ ಬರುತ್ತದೆ. ವರ್ಷ ತುಂಬುವವರೆಗೆ ದಿಂಬು ಬೇಡ.

ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ. ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೆ ಹತ್ತುವುದಿಲ್ಲವೇ ಎಂದು ಕೇಳುತ್ತೀರಿ. ಅಂಗಾತ ಮಲಗಿದಾಗ ಉಸಿರಿನ ನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಹಾಲು ಮೇಲಕ್ಕೆ ಹತ್ತಿ ಹೋಗುವುದು ಕಷ್ಟ. ಬೋರಲು ಹಾಕಿದಾಗಲೇ ಉಸಿರಿನ ನಾಳ ಕೆಳಗಾಗುತ್ತದೆ. ಅಮೆರಿಕದಲ್ಲಿ ಕೂಸುಗಳನ್ನು ಅಂಗಾತ ಮಲಗಿಸಿರೆಂದು 1994ರಲ್ಲಿ ಮನೆಮನೆಗೆ ಪ್ರಚಾರ ಮಾಡಿದರು. ಮುಂದಿನ ಹತ್ತು ವರ್ಷಗಳಲ್ಲಿ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಕೂಸುಗಳ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಹೊಲದಲ್ಲಿ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುವ ತಾಯಂದಿರೂ ಇಲ್ಲಿದ್ದೀರಿ. ಕೂಲಿಗೆ ಹೋಗದೆ ನಡೆಯುವುದಿಲ್ಲ, ಅದನ್ನು ಬೈಯುವುದು ಸುಲಭ. ಜೋಳಿಗೆಯಲ್ಲಿ ಕೂಸಿನ ಮೈ ಬಾಗಿ ಗದ್ದ ಎದೆಗೆ ಬರುತ್ತದೆ ಎಂಬುದಷ್ಟೇ ನನ್ನ ಚಿಂತೆ. ಕುತ್ತಿಗೆ ನಿಲ್ಲುವ ತನಕ ನೆರಳಿನಲ್ಲಿ ನೆಲಕ್ಕೆ ಕೌದಿ ಹಾಸಿ, ಸೊಳ್ಳೆಪರದೆ ಮುಚ್ಚಿ, ಯಾರನ್ನಾದರೂ ಹತ್ತಿರ ಕೂರಿಸಿರಿ.

ಹೊದಿಕೆಯನ್ನು ಎದೆಯವರೆಗೆ ಮಾತ್ರ, ಅಂಚು ಸಿಕ್ಕಿಸಿ ಹೊದಿಸುವುದಕ್ಕಿಂತ ಮೈತುಂಬ ಅಂಗಿ ತೊಡಿಸುವುದೇ ಮೇಲು. ನಿಮ್ಮ ಮೈಮೇಲೆ ಇರುವುದಕ್ಕಿಂತ ಒಂದು ಪದರ ಹೆಚ್ಚು ಸಾಕು. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಇನ್ನೊಂದು ಪದರ ಹಾಕಿರಿ. ಕತ್ತು ಬೆವತಿದ್ದರೆ ಒಂದನ್ನು ತೆಗೆಯಿರಿ. ತೂಕ ಕಡಿಮೆ ಇರುವ ಕೂಸಿಗೆ ಕುಲಾವಿ, ಹೊದಿಕೆ ಎಷ್ಟೆಂಬುದನ್ನು ನಮ್ಮನ್ನು ಕೇಳಿಕೊಂಡು ಹೋಗಿರಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿರಿ.

ಕೊನೆಗೆ, ಹೇಳಲು ಹಿಂಜರಿಯುವ ಒಂದು ಮಾತು. ಮಲಗಿದ ಕೂಸಿನ ಕೊರಳಲ್ಲಿ ಯಾವ ದಾರವೂ ಇರಬಾರದು, ತಾಯತವಾಗಲಿ, ಶಿವದಾರವಾಗಲಿ. ಹೊರಳುವಾಗ ಉರುಳಾಗಬಹುದು. ಲಿಂಗಧಾರಣೆಯಾದ ಕೂಸು ಮಲಗಿರುವಾಗ ಇಷ್ಟಲಿಂಗವನ್ನು ಎಲ್ಲಿ ಇಡಬೇಕೆಂದು ನಿಮ್ಮ ಅಯ್ಯನವರನ್ನು ಕೇಳಿರಿ, ವೈದ್ಯರು ಹೀಗೆಂದರು ಎಂದು ತಿಳಿಸಿರಿ.

ಹೊರಡುವ ದಿನ ಮನೆಯಿಂದ ಕೌದಿ ತರಿಸಿಕೊಂಡರೆ ವಾರ್ಡಿನ ಸಿಸ್ಟರು ಮಡಚಿ ಹಾಸಿ ತೋರಿಸುತ್ತಾರೆ. ಅಜ್ಜಿಯವರೂ ಜೊತೆಗೆ ನಿಂತು ನೋಡಲಿ.