ಬಟ್ಟೆಯ ಹುಡ್ಡು, ಒಳಗಿನ ಸದ್ದು

ಹುಡ್ಡು ಮಡಚಿ ಹಿಂದಕ್ಕೆ ಸರಿಸುವಂಥ ಸ್ಪೋರ್ಟ್ಸ್ ಕಾರು ಬೈಲಹೊಂಗಲದ ಪೇಟೆಯಲ್ಲಾಗಲಿ ರಾಮದುರ್ಗದ ಬಸ್ ನಿಲ್ದಾಣದ ಎದುರಾಗಲಿ ದಿನಾ ಕಾಣುವ ವಾಹನವಲ್ಲ. ಅದರೊಳಗಿನ ಸದ್ದು ತಗ್ಗಿಸುವ ವಿಚಾರ ಈ ಭಾಗದವರಿಗೇಕೆ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೆ ಬಟ್ಟೆಯ ಮಾಡಿನ ಗಾಡಿ ಇಲ್ಲಿಗೆ ಹೊಸದೇನೂ ಅಲ್ಲ. ಸರ್ಕಾರಿ ಕಚೇರಿಗಳ ಮುಂದೆ ನಿಲ್ಲುತ್ತಿದ್ದ ಜೀಪು, ಮದುವೆಗೆ ಜಾತ್ರೆಗೆ ಮಂದಿಯನ್ನು ತುಂಬಿಕೊಂಡು ಹೋಗುವ ಟ್ರ್ಯಾಕ್ಸ್, ತಾಡಪತ್ರಿ ಹೊದ್ದ ಟ್ರ್ಯಾಕ್ಟರ್ ಟ್ರಾಲಿ, ಇವೆಲ್ಲವೂ ಆ ಕಾರಿನ ಬಡ ನೆಂಟರೇ. ಚೌಕಟ್ಟಿನ ಮೇಲೆ ಬಿಗಿದ ಬಟ್ಟೆ, ಬಟ್ಟೆ ಮುಗಿಯುವಲ್ಲಿ ಸಂದು, ಸಂದಿನಲ್ಲಿ ನುಗ್ಗುವ ಗಾಳಿ: ತೊಂದರೆ ಎರಡೂ ಕಡೆ ಒಂದೇ. ಸದ್ದು ತಗ್ಗಿಸಬೇಕೆಂದವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಮಾಡಿಗೆ. ಅದನ್ನು ದಪ್ಪ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ. ವಾಹನದ ಚರಿತ್ರೆ ಹೇಳುವುದು ಬೇರೆ. ಸದ್ದು ಮೊದಲು ತಗ್ಗಿದ್ದು ಗಾಲಿಯಲ್ಲಿ, ಆಮೇಲೆ ಕೀಲುಗಳಲ್ಲಿ, ಕೊನೆಗೆ ಸಂದುಗಳಲ್ಲಿ. ಮಾಡಿನ ದಪ್ಪ ಲೆಕ್ಕಕ್ಕೆ ಬರುವುದು ಇವೆಲ್ಲ ಮುಗಿದ ಮೇಲೆ.

ಚಕ್ಕಡಿಯಿಂದಲೇ ನೋಡೋಣ. ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಸಾಲುಗಟ್ಟಿ ಬರುತ್ತಿದ್ದ ಚಕ್ಕಡಿಗಳ ಸದ್ದಿಗೆ ಮೂರು ಮೂಲ. ಗಾಲಿಗೆ ತೊಡಿಸಿದ ಕಬ್ಬಿಣದ ಪಟ್ಟಿ ಕಲ್ಲಿಗೆ ಬಡಿಯುವುದು ಒಂದು; ಗಾಲಿಯ ಗುಂಬ ಅಚ್ಚಿಗೆ ಉಜ್ಜುವುದು ಇನ್ನೊಂದು; ಸಡಿಲಾದ ಕಟ್ಟಿಗೆಯ ಜೋಡಣೆಗಳು ಒಂದಕ್ಕೊಂದು ತಾಗಿ ಕಿರುಗುಟ್ಟುವುದು ಮತ್ತೊಂದು. ಎರಡನೆಯದಕ್ಕೆ ಕೀಲೆಣ್ಣೆ ಇತ್ತು, ಮೂರನೆಯದಕ್ಕೆ ಹಗ್ಗ, ಬೆಣೆ, ಬಡಿಗನ ಕೈ ಇತ್ತು. ಮೊದಲನೆಯದಕ್ಕೆ ಮಾತ್ರ ಮದ್ದಿರಲಿಲ್ಲ. ಮೇಲೆ ಕಮಾನು ಕಟ್ಟಿ ಚಾಪೆಯನ್ನೋ ತಾಡಪತ್ರಿಯನ್ನೋ ಹೊದಿಸುತ್ತಿದ್ದದ್ದು ಬಿಸಿಲಿಗೆ, ಇಬ್ಬನಿಗೆ. ಎತ್ತಿನ ನಡಿಗೆಯ ವೇಗದಲ್ಲಿ ಗಾಳಿ ಸದ್ದು ಮಾಡುವುದೇ ಇಲ್ಲ. ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅದು ಬಳಕೆಗೆ ಬಂದದ್ದು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರುಗಾಲಿ ಸೈಕಲ್ಲಿಗಾಗಿ ಅದನ್ನು ಮತ್ತೆ ರೂಪಿಸಿದ ಮೇಲೆ. ಅದೇ ಟೈರು ಮುಂದೆ ನಮ್ಮ ಎತ್ತಿನ ಗಾಡಿಗೂ ಬಂತು. ಇಂದಿಗೂ ಹಲವರು ಅದನ್ನು ಡನ್ಲಪ್ ಗಾಡಿ ಎಂದೇ ಕರೆಯುತ್ತಾರೆ. ಕಮಾನು ಬದಲಾಗಲಿಲ್ಲ, ಚಾಪೆ ಬದಲಾಗಲಿಲ್ಲ. ಗಾಲಿಯೊಂದು ಬದಲಾಗಿ ಗಾಡಿ ಮೆತ್ತಗಾಯಿತು. ಎತ್ತಿನ ಕೊರಳ ಗಂಟೆ, ಗೆಜ್ಜೆಸರ ಹಾಗೇ ಉಳಿದವು. ಅದು ಬೇಕೆಂದು ಕಟ್ಟಿದ ಸದ್ದು. ಅದರ ಮೇಲೆ ಯಾರ ದೂರೂ ಇರಲಿಲ್ಲ.

ಮೋಟಾರಿನ ಕಥೆಯಲ್ಲೂ ಇದೇ ಕ್ರಮ. 1886ರ ಬೆನ್ಜ್ ವಾಹನಕ್ಕೆ ಮಾಡೇ ಇರಲಿಲ್ಲ. ಮುಂದೆ ಬಂದ ಕಾರುಗಳಲ್ಲಿ ಹೆಚ್ಚಿನವು ಬಟ್ಟೆಯ ಹುಡ್ಡಿನವು; ಮುಚ್ಚಿದ ಕಾರು ಎಲ್ಲರದೂ ಆದದ್ದು 1920ರ ದಶಕದಲ್ಲಿ. ಆ ದಶಕದ ಒಂದು ಸಂಗತಿ ನನ್ನ ವಾದಕ್ಕೆ ಗಟ್ಟಿ ಸಾಕ್ಷಿ. ಚಾರ್ಲ್ಸ್ ವೇಮನ್ ಎಂಬ ವಿಮಾನ ಹಾರಾಟಗಾರ ಕಾರಿನ ಇಡೀ ಮೈಯನ್ನು ಕಟ್ಟಿಗೆಯ ಚೌಕಟ್ಟಿನ ಮೇಲೆ ಬಟ್ಟೆ ಬಿಗಿದು ಮಾಡಿದ, ಮತ್ತು ಆ ಕಾರುಗಳು ಹೆಸರಾದದ್ದು ಸದ್ದಿಲ್ಲದ್ದಕ್ಕೆ! ಅವನ ಗುಟ್ಟು ಬಟ್ಟೆಯಲ್ಲಿರಲಿಲ್ಲ, ಕೀಲಿನಲ್ಲಿತ್ತು. ಕಟ್ಟಿಗೆಗೆ ಕಟ್ಟಿಗೆ ತಾಗದಂತೆ ನಡುವೆ ಚೂರು ಅಂತರ ಬಿಟ್ಟು, ಉಕ್ಕಿನ ಪಟ್ಟಿಗಳಿಂದ ಜೋಡಿಸಿದ್ದ. ತಾಗದಿದ್ದ ಮೇಲೆ ಕಿರುಗುಟ್ಟುವುದೆಲ್ಲಿ? ಜನರಲ್ ಮೋಟಾರ್ಸ್ 1935ರ ಕಾರುಗಳಿಗೆ ಒಂದೇ ಹಾಳೆಯ ಉಕ್ಕಿನ ಮಾಡು ತಂದಿತು. ಮಳೆಗೂ ಅಪಘಾತಕ್ಕೂ ಅದು ಒಳ್ಳೆಯದೇ. ಆದರೆ ಅಗಲವಾದ ತೆಳು ಉಕ್ಕಿನ ಹಾಳೆ ತಾನೇ ನಡುಗಿ ಗುಂಯ್‌ಗುಡುತ್ತದೆ. ಅದನ್ನು ಅಡಗಿಸಲು ಹಾಳೆಗೆ ಡಾಂಬರಿನಂಥ ಪದರ ಅಂಟಿಸಬೇಕು, ಕೆಳಗೆ ಉಣ್ಣೆಯ ಫೆಲ್ಟು ಹಾಕಬೇಕು. ಬಟ್ಟೆಯೆಂದರೆ ಗದ್ದಲ, ಉಕ್ಕೆಂದರೆ ಮೌನ ಎಂಬ ಲೆಕ್ಕ ಆಗಲೂ ಸರಿಯಿರಲಿಲ್ಲ.

ನಮ್ಮ ಕಡೆಗೆ ಬಟ್ಟೆಯ ಹುಡ್ಡನ್ನು ತಂದದ್ದು ಜೀಪು. 1941ರಲ್ಲಿ ಯುದ್ಧಕ್ಕಾಗಿ ಹುಟ್ಟಿದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ ಅದೇ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಬಾಗಿಲ ಜಾಗದಲ್ಲಿ ಬಟ್ಟೆ, ಗಾಜಿನ ಜಾಗದಲ್ಲಿ ಪ್ಲಾಸ್ಟಿಕ್ಕು, ಬಿಗಿಯಲು ಪಟ್ಟಿ. ಅದರೊಳಗೆ ಮೌನವನ್ನು ಯಾರೂ ನಿರೀಕ್ಷಿಸಲಿಲ್ಲ, ಅದು ಅಷ್ಟು ವೇಗವಾಗಿ ಓಡುತ್ತಲೂ ಇರಲಿಲ್ಲ. 1990ರ ದಶಕದ ಕೊನೆಗೆ ಪಕ್ಕದ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡೇ ಆಸನದ, ಫೈಬರ್ ಮೈಯ, ಹುಡ್ಡು ತೆರೆಯುವ ಪುಟ್ಟ ಕಾರು ತಯಾರಾಯಿತು, ಮಾರಾಟ ಹೆಚ್ಚಾಗಲಿಲ್ಲ. 2020ರ ಅಕ್ಟೋಬರಿನಲ್ಲಿ ಅದೇ ಮಹೀಂದ್ರ ಕಂಪನಿಯ ಹೊಸ ಥಾರ್ ಬಂದಾಗ ಮಾತ್ರ ಬಟ್ಟೆಯ ಮಾಡು ಮತ್ತೆ ಹಳ್ಳಿ ಪೇಟೆಗಳ ಆಸೆಯ ವಸ್ತುವಾಯಿತು. ಈ ನಡುವೆ ರಸ್ತೆ ಬದಲಾಗಿತ್ತು. ಕಿತ್ತೂರಿನ ಪಕ್ಕದ ಪುಣೆ–ಬೆಂಗಳೂರು ಹೆದ್ದಾರಿ ಅಗಲವಾಗಿ, ಗಂಟೆಗೆ 100 ಕಿಲೋಮೀಟರ್ ಎಂಬುದು ಅಲ್ಲಿ ಮಾಮೂಲು ವೇಗವಾಗಿದೆ. ಸವದತ್ತಿ, ರಾಮದುರ್ಗದ ಕಡೆಗೆ ತಿರುಗಿದರೆ ಕೆಳಗಿರುವುದು ಎರಿಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಹಾಕಿದ ಡಾಂಬರು ಅಲೆಯಲೆಯಾಗುತ್ತದೆ, ಅಂಚಿನಲ್ಲಿ ಸೀಳುತ್ತದೆ. ಹೀಗಾಗಿ ಒಂದೇ ಗಾಡಿ ಒಂದೇ ಜಿಲ್ಲೆಯಲ್ಲಿ ಎರಡು ಬಗೆಯಾಗಿ ಗದ್ದಲ ಮಾಡುತ್ತದೆ: ಕಿತ್ತೂರಿನಲ್ಲಿ ಗಾಳಿಯ ಭೋರ್ಗರೆತ, ಸವದತ್ತಿಯ ದಾರಿಯಲ್ಲಿ ಟೈರಿನ ಗುಡುಗುಡು ಮತ್ತು ಕೀಲುಗಳ ಗಡಗಡ. ಎರಡಕ್ಕೂ ಒಂದೇ ಮದ್ದು ಮಾರುವವರನ್ನು ನಂಬದಿರುವುದಕ್ಕೆ ಇಷ್ಟೇ ಸಾಕು.

ಗಾಳಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಮೈಗೆ ಬಡಿದು ಸುಳಿಯಾಗುವ ಗಾಳಿಯ ಸದ್ದಿನ ಶಕ್ತಿ ವೇಗದ ಸುಮಾರು ಆರನೇ ಘಾತಕ್ಕೆ ಏರುತ್ತದೆ. ಅಂದರೆ ವೇಗ 50ರಿಂದ 100ಕ್ಕೆ ಇಮ್ಮಡಿಯಾದರೆ ಆ ಶಕ್ತಿ 64 ಪಟ್ಟು. ಡೆಸಿಬೆಲ್ ಲೆಕ್ಕದಲ್ಲಿ 18 ಹೆಚ್ಚು. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಇಮ್ಮಡಿಯಾದಂತೆ ಕೇಳಿಸುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ನೋಡಿ. ಟೈರಿನ ಸದ್ದು ಇಷ್ಟು ಕಡಿದಾಗಿ ಏರುವುದಿಲ್ಲ. ಅದಕ್ಕೇ ಹೆದ್ದಾರಿಯಲ್ಲಿ ಗಾಳಿ ಮುಂದಾಗುತ್ತದೆ. ಇನ್ನು ದಪ್ಪದ ವಿಚಾರ. ತಡೆಯುವ ಪದರದ ತೂಕ ಇಮ್ಮಡಿಯಾದರೆ ಸಿಗುವ ಲಾಭ ಹೆಚ್ಚೆಂದರೆ 6 ಡೆಸಿಬೆಲ್. ಆದರೆ ಒಟ್ಟು ಮೈಯ ನೂರರಲ್ಲಿ ಒಂದು ಪಾಲು ಸಂದು ತೆರೆದಿದ್ದರೂ ಸಾಕು, ಉಳಿದ ತೊಂಬತ್ತೊಂಬತ್ತು ಪಾಲು ಎಷ್ಟೇ ದಪ್ಪವಿರಲಿ, ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ. ಎರಡಡಿ ದಪ್ಪದ ಗೋಡೆ ಕಟ್ಟಿ ಕಿಟಕಿ ತೆರೆದಿಟ್ಟು ಮಲಗಿದಂತೆ ಅದು. ಈಗಿನ ಒಳ್ಳೆಯ ಹುಡ್ಡುಗಳು ಮೂರು ಪದರದವು: ಹೊರಗೆ ನೇಯ್ದ ಬಟ್ಟೆ, ನಡುವೆ ರಬ್ಬರು, ಒಳಗೆ ಅಸ್ತರು. ಬಟ್ಟೆ ಆಗಲೇ ತನ್ನ ಕೆಲಸ ಮಾಡುತ್ತಿದೆ. ಮಾಡದಿರುವುದು ಗಾಜಿನ ಮೇಲಂಚಿನ ರಬ್ಬರು.

ರಬ್ಬರು ಎಲ್ಲಿ ಸಂದು ಬಿಟ್ಟಿದೆ ಎಂದು ಪತ್ತೆಹಚ್ಚಲು ಯಂತ್ರ ಬೇಕಿಲ್ಲ. ಅರ್ಧ ಬೆರಳಗಲದ ಕಾಗದದ ಪಟ್ಟಿಯೊಂದನ್ನು ರಬ್ಬರಿನ ಮೇಲಿಟ್ಟು ಬಾಗಿಲು ಹಾಕಿ, ಮೆಲ್ಲಗೆ ಎಳೆಯಬೇಕು. ಬಿಗಿಯಾಗಿ ಹಿಡಿದರೆ ಅಲ್ಲಿ ಸಂದಿಲ್ಲ. ಸಲೀಸಾಗಿ ಜಾರಿಬಂದರೆ ಸದ್ದು ಬರುವುದೂ ಅಲ್ಲಿಂದಲೇ. ಹೀಗೆ ಅಂಚಿನುದ್ದಕ್ಕೂ ನೋಡುತ್ತ ಹೋದರೆ ಸಾಮಾನ್ಯವಾಗಿ ದೋಷ ಮೂಲೆಗಳಲ್ಲಿ, ಹುಡ್ಡು, ಗಾಜು, ಮುಂಗಂಬ ಮೂರೂ ಕೂಡುವ ಜಾಗದಲ್ಲಿ ಸಿಗುತ್ತದೆ. ಅನುಮಾನವಿದ್ದ ಸಂದಿಗೆ ಹೊರಗಿನಿಂದ ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪು ಅಂಟಿಸಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಒಣಗಿದ ರಬ್ಬರಿಗೆ ಸಿಲಿಕೋನ್ ಗ್ರೀಸು ಸವರಬಹುದು. ಗ್ಯಾರೇಜಿನ ಮಾಮೂಲು ಗ್ರೀಸು ಬೇಡ, ಪೆಟ್ರೋಲಿಯಂ ಎಣ್ಣೆಗೆ ಹಲವು ರಬ್ಬರುಗಳು ಉಬ್ಬಿ ಹಾಳಾಗುತ್ತವೆ. ಡಾಂಬರಿನ ಪ್ಯಾಡು ಅಂಟಿಸುವುದಾದರೆ ಅದರ ಜಾಗ ನೆಲದ ತಗಡು, ಗಾಲಿಯ ಮೇಲಿನ ಕಮಾನು, ಬಾಗಿಲ ಒಳಮೈ. ಅದು ತಗಡಿನ ನಡುಕ ಹಿಡಿಯುವ ವಸ್ತು. ಬಟ್ಟೆಗೆ ಅದನ್ನು ಅಂಟಿಸುವುದು ವ್ಯರ್ಥ, ಮಡಚುವಾಗ ಅಪಾಯ ಬೇರೆ. ಸವದತ್ತಿಯ ರಸ್ತೆಯವರು ಇದಕ್ಕೂ ಮೊದಲು ಟೈರು ನೋಡಬೇಕು. ಕೆಸರಿಗೆಂದು ಮಾಡಿದ ದಪ್ಪ ಗುಂಡಿಗಳ ಟೈರು ಡಾಂಬರಿನ ಮೇಲೆ ಊಳಿಡುತ್ತದೆ. ನೋಟಕ್ಕೆಂದು ಅದನ್ನು ಹಾಕಿಸಿ ಆಮೇಲೆ ಮಾಡಿಗೆ ಫೋಮು ಬಡಿಸುವವರೂ ಇದ್ದಾರೆ!

ಇದೆಲ್ಲ ಏಕೆ, ಮಡಚುವ ಗಟ್ಟಿ ಮಾಡಿನ ಗಾಡಿಯನ್ನೇ ಕೊಂಡರಾಯಿತಲ್ಲ ಎಂಬುದು ಒಂದು ಆಕ್ಷೇಪ. ಅದರಲ್ಲಿ ಹುರುಳಿದೆ. ಮಡಚುವ ಲೋಹದ ಮಾಡನ್ನು ಪ್ಯೂಜೊ ಕಂಪನಿ 1930ರ ದಶಕದಲ್ಲೇ ಮಾಡಿತ್ತು, ಮರ್ಸಿಡಿಸ್ 1996ರ ಎಸ್‌ಎಲ್‌ಕೆ ಕಾರಿನಲ್ಲಿ ಅದನ್ನು ಮತ್ತೆ ಜನಪ್ರಿಯ ಮಾಡಿತು. ಆದರೆ ಮಡಚುವುದೆಂದರೆ ತುಂಡುಗಳು, ತುಂಡುಗಳೆಂದರೆ ಸಂದುಗಳು. ಎರಿಭೂಮಿಯ ರಸ್ತೆಯಲ್ಲಿ ಗಾಡಿಯ ಮೈ ತಿರುಚಿದಾಗಲೆಲ್ಲ ಆ ತುಂಡುಗಳು ರಬ್ಬರಿಗೆ ಉಜ್ಜಿ ಕಿರುಗುಟ್ಟುತ್ತವೆ. ತೂಕ ಹೆಚ್ಚು, ಡಿಕ್ಕಿಯ ಜಾಗವೂ ಕಡಿಮೆ. ಲೋಹದ ಮಾಡು ಗಾಳಿಯ ಸದ್ದನ್ನು ಒಂದಿಷ್ಟು ಕಳೆಯುತ್ತದೆ, ಕೀಲಿನ ಸದ್ದನ್ನು ಕೂಡಿಸುತ್ತದೆ. ಇದೇ ಮರ್ಸಿಡಿಸ್ 1989ರ ಎಸ್‌ಎಲ್ ಕಾರಿನಲ್ಲಿ ಹಿಡಿದ ದಾರಿ ನನಗೆ ಹೆಚ್ಚು ಜಾಣತನದ್ದೆನಿಸುತ್ತದೆ. ಹುಡ್ಡು ತೆರೆದಾಗ ಗಾಳಿ ಮುಂಗಾಜಿನ ಮೇಲಿಂದ ಹಾರಿ, ಹಿಂದಿನಿಂದ ಸುತ್ತಿ ಬಂದು ಕುತ್ತಿಗೆಗೆ ಬಡಿಯುತ್ತದೆ; ಆಸನದ ಹಿಂದೆ ಒಂದು ಜಾಳಿಗೆ ಪರದೆ ನಿಲ್ಲಿಸಿ ಆ ತಿರುಗುಗಾಳಿಯನ್ನು ಮುರಿದರು. ತೂಕವಿಲ್ಲ, ಮುಚ್ಚುವುದಿಲ್ಲ, ಮೂಲಕ್ಕೇ ಕೈ ಹಾಕುತ್ತದೆ.

ತೆರೆದ ಗಾಡಿಯ ಸುಖವೇ ಸದ್ದು, ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು ಎನ್ನುವವರಿದ್ದಾರೆ. ಎಂಜಿನ್ನಿನ ದನಿ ಕೇಳಬೇಕೆನ್ನುವುದು ನ್ಯಾಯವೇ. ಆದರೆ ಗಂಟೆಗೆ 100ರಲ್ಲಿ ಕಿವಿಗೆ ಬೀಳುವುದು ಎಂಜಿನ್ನಲ್ಲ, ಗಾಳಿ; ಎಂಜಿನ್ನನ್ನು ಕೇಳಗೊಡದಿರುವುದೂ ಅದೇ. ಹಿಂದಿನ ಲಾರಿಯ ಹಾರನ್ನು, ಟೈರಿನಲ್ಲಿ ಸಿಕ್ಕ ಕಲ್ಲಿನ ಟಕಟಕ, ಬೇರಿಂಗು ಸವೆದ ಗೊರಗೊರವನ್ನೂ ಅದು ನುಂಗುತ್ತದೆ. ಹೊರಗಿನ ಸದ್ದು ಕೇಳಿಸದಿದ್ದರೆ ಅಪಾಯ ಎನ್ನುವವರಿಗೂ ಉತ್ತರ ಇದೇ. ಇನ್ನು ಕಿವಿಯ ಆರೋಗ್ಯದ ಮಾತು. ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ವೈದ್ಯರು 2011ರಲ್ಲಿ ಪ್ರಕಟಿಸಿದ ಅಳತೆಯಲ್ಲಿ, ಹುಡ್ಡು ತೆರೆದು ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ವೇಗದಲ್ಲಿ ಓಡಿಸಿದ ಬಹುಪಾಲು ಕಾರುಗಳಲ್ಲಿ ಸದ್ದು 85 ಡೆಸಿಬೆಲ್ ದಾಟಿತ್ತು. ದಿನಕ್ಕೆ ಎಂಟು ತಾಸು ಕೇಳಬಹುದಾದ ಮಿತಿ ಎಂದು ಅಲ್ಲಿನ ವೃತ್ತಿ ಆರೋಗ್ಯ ಸಂಸ್ಥೆ ಹೇಳುವುದು ಅದೇ 85. ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಆ ತಾಸುಗಳು ಅರ್ಧವಾಗುತ್ತವೆ. ವಾರಕ್ಕೊಮ್ಮೆ ಮೋಜಿಗೆ ಹೋಗುವವರಿಗೆ ಇದು ದೊಡ್ಡ ಮಾತಲ್ಲ. ದಿನವೂ ಓಡಿಸುವವರಿಗೆ ದೊಡ್ಡದೇ.

ದಿನವೂ ಓಡಿಸುವವರು ಎಂದರೆ ಸ್ಪೋರ್ಟ್ಸ್ ಕಾರಿನವರಿಗಿಂತ ಹೆಚ್ಚಾಗಿ ಟ್ರ್ಯಾಕ್ಟರಿನವರು. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆಯಂಥಲ್ಲಿಗೆ ಜೋಡಿ ಟ್ರಾಲಿ ಎಳೆದುಕೊಂಡು ಹೋಗುವ ಚಾಲಕ ಮಾಡಿನ ಕೆಳಗೆ ಕೂತಿದ್ದರೂ ಎಂಜಿನ್ನು ಅವನ ಮೊಣಕಾಲ ಮುಂದೆಯೇ ಇರುತ್ತದೆ, ಅದನ್ನು ಮೀರಿಸಲು ಹಾಡಿನ ಸ್ಪೀಕರು ತಲೆಯ ಹಿಂದೆ. ಎರಡು ಸಮನಾದ ಸದ್ದು ಕೂಡಿದರೆ 3 ಡೆಸಿಬೆಲ್ ಏರುತ್ತದೆ, ಅಂದರೆ ಮೇಲಿನ ಲೆಕ್ಕದಲ್ಲಿ ಅವನ ಕಿವಿಯ ತಾಸುಗಳು ಅರ್ಧ. ಇಲ್ಲಿ ರಬ್ಬರಿಲ್ಲ, ಗಾಜಿಲ್ಲ, ಮುಚ್ಚಲು ಸಂದೇ ಇಲ್ಲ, ಉಳಿದಿರುವುದು ಮೂಲವೊಂದೇ. ತುಕ್ಕು ತಿಂದು ತೂತಾದ ಸೈಲೆನ್ಸರನ್ನು ಬದಲಿಸುವುದು, ಸಡಿಲಾದ ಬಾನೆಟ್ಟಿನ ಬೋಲ್ಟು ಬಿಗಿಯುವುದು, ಕೊಂಡಿ ಗಡಗಡಿಸುವಲ್ಲಿ ಸವೆದ ಪಿನ್ನು ತೆಗೆದು ಹೊಸದು ಹಾಕುವುದು. ಸದ್ದು ಇಷ್ಟು ಇಳಿದರೆ ಸ್ಪೀಕರಿನ ದನಿಯನ್ನು ಅವನೇ ತಗ್ಗಿಸಿಕೊಳ್ಳುತ್ತಾನೆ, ಏಕೆಂದರೆ ಆಗ ಹಾಡು ಕೇಳಿಸುತ್ತದೆ.