ಮೊದಲ ಕಾರು, ಮೊದಲ ವಿಮೆ

ಕೆಂಗೇರಿ ಉಪನಗರದಲ್ಲಿ ಮನೆ ಮಾಡಿಕೊಂಡಿರುವ ಒಬ್ಬ ಗೃಹಸ್ಥರನ್ನು ಊಹಿಸಿಕೊಳ್ಳಿ. ಮಗ ಕಾಲೇಜು ಸೇರಿದ, ಹದಿನೆಂಟು ತುಂಬಿತು. ಊಟಕ್ಕೆ ಕುಳಿತಾಗಲೆಲ್ಲ ಒಂದೇ ರಾಗ: "ಅಪ್ಪಾ, ಕಾರು." 2021ರ ಆಗಸ್ಟಿನಲ್ಲೇ ಮೆಟ್ರೊ ಕೆಂಗೇರಿಗೆ ಬಂತಲ್ಲಪ್ಪ ಎಂದರೆ ಕೇಳುವವರು ಯಾರು? ಮೈಸೂರಿನ ಅಜ್ಜಿಯ ಮನೆಗೆ ಸ್ಕೂಟರಿನಲ್ಲೇ ಹೋಗು ಎನ್ನೋಣವೆಂದರೆ, 2023ರ ಆಗಸ್ಟ್ 1ರಿಂದ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಕಡೆಗೆ ತಂದೆ ಒಪ್ಪುತ್ತಾರೆ. ಕಾರಿನ ಬೆಲೆಯನ್ನು ಹತ್ತು ಕಡೆ ವಿಚಾರಿಸುತ್ತಾರೆ; ವಿಮೆಯನ್ನು ಮಾತ್ರ ಮಾರುವವರ ಕೈಗೆ ಬಿಟ್ಟುಬಿಡುತ್ತಾರೆ. ನಾವು ಎಡವುವುದು ಇಲ್ಲಿಯೇ.

ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ನೆಲೆಸಿರುವ ನಿಮ್ಮ ಬಂಧುಗಳನ್ನು ಕೇಳಿ ನೋಡಿ. ಅಲ್ಲಿ ಹದಿಹರೆಯದ ಚಾಲಕನೆಂದರೆ ವಿಮಾ ಕಂತು ಗಗನಕ್ಕೇರುತ್ತದೆ. ಹುಡುಗನ ವಯಸ್ಸನ್ನು ನೋಡಿಯೇ ಹಣ ಕೇಳುತ್ತಾರೆ. ನಮ್ಮಲ್ಲಿ ಕಡ್ಡಾಯವಾದ ವಿಮೆಯ ಲೆಕ್ಕ ಬೇರೆ. ಅದು ಚಾಲಕನ ವಯಸ್ಸನ್ನು ಕೇಳುವುದಿಲ್ಲ, ಕಾರಿನ ಎಂಜಿನ್ ಎಷ್ಟು ದೊಡ್ಡದೆಂದು ಕೇಳುತ್ತದೆ. ಆದರೆ ಅಪಘಾತವಾದ ದಿನ ಇನ್ನೊಂದು ಪ್ರಶ್ನೆ ಏಳುತ್ತದೆ: ಓಡಿಸಿದವನ ಬಳಿ ಲೈಸೆನ್ಸು ಇತ್ತೆ? ಈ ಎರಡು ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿದ್ಧ ಮಾಡಿಕೊಂಡವರಿಗೆ ವಿಮೆ ಭಾರವೂ ಅಲ್ಲ, ಭಯವೂ ಅಲ್ಲ.

ಮೋಟಾರು ವಿಮೆಗೆ ಎರಡು ಭಾಗ. ನಮ್ಮ ಕಾರಿನಿಂದ ಅನ್ಯರಿಗೆ ಆದ ಹಾನಿಗೆ ಒಂದು. ಇದನ್ನು ಮೂರನೆಯವರ ವಿಮೆ ಎನ್ನುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯಂತೆ ಇದಿಲ್ಲದೆ ಕಾರು ರಸ್ತೆಗೆ ಇಳಿಯಕೂಡದು. ನಮ್ಮದೇ ಕಾರಿಗೆ ಆದ ಹಾನಿಗೆ ಮತ್ತೊಂದು. ಅದು ನಮ್ಮ ಇಷ್ಟ.

ಮೊದಲನೆಯದರ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. ಯಾವ ಕಂಪನಿಗೆ ಹೋದರೂ ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ, 1000 ಸಿಸಿ ಮೀರದ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000 ಮೀರಿ 1500ರೊಳಗಿದ್ದರೆ 3,416, ಅದಕ್ಕೂ ಮೀರಿದರೆ 7,897, ತೆರಿಗೆ ಬೇರೆ. ವಿದ್ಯುತ್ ಕಾರಿಗೆ ದರದಲ್ಲಿ ಶೇಕಡ 15ರಷ್ಟು ರಿಯಾಯಿತಿ. 998 ಸಿಸಿಯ ಆಲ್ಟೊ ಕೆ10 ಮೊದಲ ಮೆಟ್ಟಿಲಿನಲ್ಲಿ ನಿಂತರೆ, 1197 ಸಿಸಿಯ ಸ್ವಿಫ್ಟ್ ಎರಡನೆಯದಕ್ಕೆ ಏರುತ್ತದೆ. ಹೊಸ ಕಾರಾದರೆ 2018ರ ಸೆಪ್ಟೆಂಬರಿನಿಂದ ಮೂರು ವರ್ಷದ ಕಂತನ್ನು ಒಟ್ಟಿಗೆ ಕಟ್ಟಬೇಕು. ಅದೇ ಪಟ್ಟಿಯಂತೆ ಚಿಕ್ಕದಕ್ಕೆ 6,521, ನಡುವಣದಕ್ಕೆ 10,640. ಕಲಿಯುವ ಕೈಗೆ ಚಿಕ್ಕ ಎಂಜಿನ್ ಸಾಕು. ಜೇಬಿಗೂ ಅದೇ ಹಿತ.

ಚೌಕಾಸಿಗೆ ಅವಕಾಶವಿರುವುದು ಎರಡನೆಯ ಭಾಗದಲ್ಲಿ. 2007ರಿಂದ ಈ ದರವನ್ನು ಕಂಪನಿಗಳೇ ಹೇಳುತ್ತವೆ. ಆದ್ದರಿಂದ ಮೂರು ಕಡೆಯಾದರೂ ವಿಚಾರಿಸಿ. ಕಾರು ಹಳೆಯದಾದಷ್ಟೂ ಪಾಲಿಸಿಯಲ್ಲಿ ನಮೂದಿಸುವ ಅದರ ಬೆಲೆ ಇಳಿಯುತ್ತದೆ, ಕಂತೂ ಇಳಿಯುತ್ತದೆ. ತೀರ ಹಳೆಯ, ಅಗ್ಗದ ಕಾರಾದರೆ ಈ ಭಾಗವನ್ನು ಬಿಟ್ಟರೂ ನಡೆದೀತು. ಹೊಸಬನ ಕೈಯಲ್ಲಿ ಗೇಟಿಗೆ ಉಜ್ಜಿದ ಗೀರು ಸಹಜ. ಅದಕ್ಕೆಲ್ಲ ಕಂಪನಿಯ ಬಾಗಿಲು ಬಡಿಯಬೇಡಿ. ಪ್ರತಿ ಕ್ಲೇಮಿನಲ್ಲೂ ಒಂದು ಸಾವಿರ ರೂಪಾಯಿ ಹೇಗೂ ನಿಮ್ಮ ಪಾಲಿಗೆ ಬರುತ್ತದೆ. ಕ್ಲೇಮಿಲ್ಲದೆ ಒಂದು ವರ್ಷ ಕಳೆದರೆ ಈ ಭಾಗದ ಕಂತಿನಲ್ಲಿ ಶೇಕಡ 20 ಕಡಿತ. ಹೀಗೇ ಐದು ವರ್ಷ ನಡೆದರೆ ಶೇಕಡ 50.

ಈ ಕಡಿತ ಕಾರಿನ ಸ್ವತ್ತಲ್ಲ, ಮಾಲೀಕನ ಸ್ವತ್ತು. ಹಳೆಯ ಕಾರು ಕೊಂಡರೆ ಮಾರಿದವರ ಬೋನಸ್ಸು ನಿಮಗೆ ಬಾರದು. ಹಾಗೆ ಕೊಂಡಾಗ ಹದಿನಾಲ್ಕು ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನೋಂದಣಿ ಪುಸ್ತಕದಲ್ಲಿ ಒಂದು ಹೆಸರು, ಪಾಲಿಸಿಯಲ್ಲಿ ಮತ್ತೊಂದು ಹೆಸರು ಇದ್ದರೆ ಕಷ್ಟದ ಹೊತ್ತಿಗೆ ವಾದ ತಪ್ಪದು.

ಕಾರನ್ನು ಯಾರ ಹೆಸರಿನಲ್ಲಿ ಕೊಳ್ಳುವುದು? ತಂದೆಯ ಹೆಸರಿನಲ್ಲಿದ್ದರೂ ಲೈಸೆನ್ಸಿರುವ ಮಗ ಅವರ ಒಪ್ಪಿಗೆಯಿಂದ ಓಡಿಸಬಹುದು; ವಿಮೆ ನಿಲ್ಲುತ್ತದೆ. ಕಲಿಯುವ ಲೈಸೆನ್ಸಾದರೆ 'ಎಲ್' ಫಲಕವಿರಬೇಕು, ಪಕ್ಕದಲ್ಲಿ ಲೈಸೆನ್ಸಿರುವ ಹಿರಿಯರು ಕುಳಿತಿರಬೇಕು. ಒಂದು ಸೂಕ್ಷ್ಮ ಮಾತ್ರ ನೆನಪಿರಲಿ. ಮಾಲೀಕ ಚಾಲಕನಿಗೆಂದು ಇರುವ 15 ಲಕ್ಷ ರೂಪಾಯಿಯ ಅಪಘಾತ ರಕ್ಷಣೆ ಮಾಲೀಕನಿಗೆ ಮಾತ್ರ. ಕಾರು ತಂದೆಯದು, ಓಡಿಸುವವನು ಮಗ ಎಂದಾದರೆ, ಮಗನಿಗೆ ಬೇರೆಯಾಗಿ ರಕ್ಷಣೆ ಕೊಳ್ಳಬೇಕು. ಕೊಳ್ಳುವ ದಿನವೇ ಕೇಳಿ ಬರೆಸಿಕೊಳ್ಳಿ.

ಕೊನೆಯದಾಗಿ, ಹದಿನೆಂಟು ತುಂಬದ ಮಕ್ಕಳ ಮಾತು. "ಇಲ್ಲೇ ಬಡಾವಣೆಯೊಳಗೆ ಒಂದು ಸುತ್ತು" ಎಂದು ಕೀಲಿ ಕೊಡುವ ತಂದೆಯರು ಕಡಿಮೆಯಿಲ್ಲ. 2019ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ, ಅಪ್ರಾಪ್ತನು ಕಾರು ಓಡಿಸಿ ಅಪರಾಧವೆಸಗಿದರೆ ಪೋಷಕನೋ ಮಾಲೀಕನೋ ತಪ್ಪಿತಸ್ಥ. ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ವಿಮೆಯ ಗತಿ? ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ವಿವರಿಸಿದಂತೆ, ಚಾಲಕನಿಗೆ ಲೈಸೆನ್ಸಿರಲಿಲ್ಲವೆಂದಾದಾಗ ಕಂಪನಿ ನೊಂದವರಿಗೆ ಪರಿಹಾರ ಕೊಟ್ಟು, ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು. ಒಂದು ಜೀವಕ್ಕೆ ಕಟ್ಟಿದ ಪರಿಹಾರವೆಂದರೆ ಎಷ್ಟೋ ಮನೆಗಳ ಆಯುಷ್ಯದ ಗಳಿಕೆ. ವರ್ಷಕ್ಕೆ ಎರಡು ಸಾವಿರದ ಕಂತಿನಲ್ಲಿ ಉಳಿಯಬಹುದಾಗಿದ್ದ ಮನೆ ಆ ಒಂದು ಸುತ್ತಿನಲ್ಲಿ ಹೋದೀತು. ಹೋದ ಜೀವವಂತೂ ಯಾವ ಪರಿಹಾರಕ್ಕೂ ಮರಳದು.

ಆದುದರಿಂದ ಕಾರಿನ ಅಂಗಡಿಗೆ ಹೋಗುವ ಮುನ್ನ ಲೈಸೆನ್ಸಿನ ಕಚೇರಿಗೆ ಹೋಗಿ. ಚಿಕ್ಕ ಎಂಜಿನ್ನಿನ ಕಾರನ್ನು ಆರಿಸಿ. ಪಾಲಿಸಿಯನ್ನು ಮಗನ ಕೈಗೇ ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿ. ಕೀಲಿಯನ್ನು ಆಮೇಲೆ ಕೊಡಿ.