ಪುಸ್ತಕ ಕೊಡಿ, ಪಕ್ಕದಲ್ಲಿ ಕೂತ್ಕೊಳ್ಳಿ



ಮೊನ್ನೆ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಚಳ್ಳಕೆರೆ ಕಡೆಯ ಒಬ್ಬ ರೈತರು ಫೋನ್ ಮಾಡಿದ್ರು. ಮಗ ಸೆಕೆಂಡ್ ಪಿಯುಸಿ, ಸೈನ್ಸು. ದೂರದ ಊರಲ್ಲಿ ಹಾಸ್ಟೆಲ್. "ಸಾರ್, ಎರಡು ತಿಂಗಳಿಂದ ಹುಡುಗ ಸರಿಯಾಗಿ ಮಾತಾಡ್ತಿಲ್ಲ. ಊಟ ಬಿಡ್ತಾನಂತೆ, ನಿದ್ದೆ ಮಾಡಲ್ವಂತೆ. ನಾನೂ ದಿನಾ ಬೆಳಗ್ಗೆ ಒಂದೊಂದು ಮೋಟಿವೇಷನ್ ವಿಡಿಯೋ ಕಳಿಸ್ತಾನೇ ಇದೀನಿ. ಎರಡು ಪುಸ್ತಕನೂ ಕೊಡಿಸಿದೆ. ಇನ್ನೂ ಒಳ್ಳೇದು ಯಾವುದಾದ್ರೂ ಇದ್ರೆ ಹೇಳಿ ಸಾರ್."

ನಾನು ಕೇಳಿದೆ: "ಯಜಮಾನ್ರೇ, ನೀವು ಹೋಗಿ ನೋಡ್ಕೊಂಡು ಬಂದ್ರಾ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಇಲ್ಲ ಸಾರ್. ಶೇಂಗಾ ಕೀಳೋ ಕೆಲಸ ಇತ್ತು..."

ಆ ತಂದೆಯನ್ನ ಬೈಯೋ ಯೋಗ್ಯತೆ ನನಗಿಲ್ಲ. ಯಾಕಂದ್ರೆ ನಾವೆಲ್ಲ ಮಾಡ್ತಿರೋದು ಅದನ್ನೇ. ಮಕ್ಕಳ ಮನಸ್ಸು ಕುಗ್ಗಿದಾಗ ಏನು ಮಾಡಬೇಕು ಅಂತ ಗೊತ್ತಾಗಲ್ಲ. ಒಂದು ಪುಸ್ತಕ ತಂದು ಮೇಜಿನ ಮೇಲಿಡ್ತೀವಿ. ಒಂದು ಭಾಷಣ ಫಾರ್ವರ್ಡ್ ಮಾಡ್ತೀವಿ. ನಮ್ಮ ಕರ್ತವ್ಯ ಮುಗೀತು.

ಹಾಗಾದ್ರೆ ಈ ಪುಸ್ತಕ, ಆಡಿಯೋಗಳಿಂದ ಉಪಯೋಗವೇ ಇಲ್ವಾ? ಇದೆ. ಖಂಡಿತ ಇದೆ. ಆದರೆ ಹೇಗೆ ಅನ್ನೋದನ್ನ ತಿಳ್ಕೋಬೇಕು.

ಕ್ಲೇರ್ ವೀಕ್ಸ್ ಅಂತ ಆಸ್ಟ್ರೇಲಿಯಾದ ಒಬ್ಬ ವೈದ್ಯೆ ಇದ್ದರು. ಆತಂಕ, ಎದೆಬಡಿತ, ಭಯದಿಂದ ಮನೆ ಬಿಟ್ಟು ಹೊರಗೆ ಬರೋದಕ್ಕೂ ಆಗದ ರೋಗಿಗಳಿಗಾಗಿ 1962ರಲ್ಲಿ ಒಂದು ಸರಳ ಪುಸ್ತಕ ಬರೆದರು. ಅಷ್ಟಕ್ಕೇ ಬಿಡಲಿಲ್ಲ. ತಮ್ಮದೇ ದನಿಯನ್ನ ರೆಕಾರ್ಡ್ ಮಾಡಿ ಕೊಟ್ಟರು. ಭಯ ಬಂದಾಗ ಡಾಕ್ಟರ ದನಿ ಮನೆಯಲ್ಲೇ ಕೇಳಬೇಕು, ಅದು ಅವರ ಆಲೋಚನೆ. ಇವತ್ತು ನಮ್ಮ ಹುಡುಗರು ಇಯರ್‌ಫೋನ್ ಹಾಕ್ಕೊಂಡು ಕೇಳೋ ಆಡಿಯೋಗೆ ಆಗಲೇ ದಾರಿ ಹಾಕಿದ್ದರು ಆ ತಾಯಿ.

ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ 2003ರಲ್ಲಿ ನೀಲ್ ಫ್ರೂಡ್ ಅನ್ನೋ ಮನಶ್ಶಾಸ್ತ್ರಜ್ಞ ಇನ್ನೊಂದು ಹೆಜ್ಜೆ ಮುಂದೆ ಹೋದರು. ಡಾಕ್ಟರು ಚೀಟಿಯಲ್ಲಿ ಮಾತ್ರೆ ಬರೆದ ಹಾಗೆ ಪುಸ್ತಕದ ಹೆಸರು ಬರೀತಾರೆ, ರೋಗಿ ಲೈಬ್ರರಿಗೆ ಹೋಗಿ ಆ ಪುಸ್ತಕ ತಗೋತಾನೆ. ಅದೇ ಮಾದರಿ 2013ರಲ್ಲಿ ಇಂಗ್ಲೆಂಡಿಗೆ ಬಂತು. 2016ರಲ್ಲಿ ಹದಿಹರೆಯದವರಿಗೇ ಪ್ರತ್ಯೇಕ ಪಟ್ಟಿ ಬಂತು. ಪುಸ್ತಕ ಆರಿಸಿದವರು ಯಾರು? ತಿಳಿದವರು. ಇದು ಮುಖ್ಯ.

ಈಗ ಇನ್ನೊಂದು ಮುಖ ನೋಡಿ. 2009ರಲ್ಲಿ ಕೆನಡಾದಲ್ಲಿ ಜೋಆನ್ ವುಡ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಬಗ್ಗೆ ತಮಗೇ ಕೀಳರಿಮೆ ಇರೋರಿಗೆ, "ನಾನು ಪ್ರೀತಿಗೆ ಅರ್ಹ" ಅಂತ ಮತ್ತೆ ಮತ್ತೆ ಹೇಳಿಕೊಳ್ಳಿ ಅಂದರು. ಅವರ ಮನಸ್ಸು ಅರಳಲಿಲ್ಲ, ಇನ್ನಷ್ಟು ಕುಗ್ಗಿತು! ಒಳಗೆ ಸೋತು ಕೂತವನಿಗೆ "ನೀನು ಸಿಂಹ, ಎದ್ದೇಳು" ಅಂದ್ರೆ, "ಎಲ್ಲರೂ ಏಳ್ತಾರೆ, ನನ್ನಿಂದ ಮಾತ್ರ ಆಗಲ್ಲ" ಅಂತ ಅವನು ಇನ್ನೂ ಆಳಕ್ಕೆ ಇಳೀತಾನೆ. ಚಳ್ಳಕೆರೆ ಹುಡುಗನ ಮೊಬೈಲಿಗೆ ದಿನಾ ಬೆಳಗ್ಗೆ ಬೀಳ್ತಿದ್ದದ್ದು ಇದೇ ಸಿಂಹದ ಗರ್ಜನೆ, ಸ್ವಾಮಿ.

ಒಳ್ಳೆ ಪುಸ್ತಕ ಗರ್ಜಿಸಲ್ಲ. ಅದು ಕೆಲಸ ಕೊಡುತ್ತೆ. "ಇವತ್ತು ನಿನಗೆ ಬಂದ ಕೆಟ್ಟ ಯೋಚನೆ ಏನು, ಬರಿ. ಅದಕ್ಕೆ ಸಾಕ್ಷಿ ಏನಿದೆ, ಬರಿ. ನಿನ್ನ ಗೆಳೆಯನಿಗೆ ಹೀಗಾಗಿದ್ರೆ ಏನು ಹೇಳ್ತಿದ್ದೆ, ಬರಿ." ಒಳ್ಳೆ ಆಡಿಯೋ ನಿಧಾನವಾಗಿ ಉಸಿರಾಡೋದನ್ನ ಹೇಳಿಕೊಡುತ್ತೆ, ಭುಜ ಸಡಿಲ ಬಿಡೋದನ್ನ ಹೇಳಿಕೊಡುತ್ತೆ. ಅಮೆರಿಕದಲ್ಲಿ ಇಂಥ ಪುಸ್ತಕಗಳನ್ನ ಖಿನ್ನತೆ ಇರುವವರಿಗೆ ಕೊಟ್ಟು ಪರೀಕ್ಷೆ ಮಾಡಿದ್ದಾರೆ, ಗುಣ ಕಂಡಿದೆ. ಆದರೆ ಅಲ್ಲಿ ಪುಸ್ತಕ ಕೊಟ್ಟು ಸುಮ್ಮನಾಗಲಿಲ್ಲ. ವಾರಕ್ಕೊಮ್ಮೆ ಫೋನ್ ಮಾಡಿ, ಎಲ್ಲಿವರೆಗೆ ಬಂತು ಅಂತ ವಿಚಾರಿಸ್ತಿದ್ರು. ಆ ಐದು ನಿಮಿಷದ ಫೋನು ಇದೆಯಲ್ಲ, ಅದೂ ಔಷಧದ ಒಂದು ಭಾಗ.

ನಮ್ಮಲ್ಲಿ ಇಂಥ ಪುಸ್ತಕ ಇಲ್ಲ ಅಂತೀರಾ? ಕೊರವಂಜಿ ಪತ್ರಿಕೆ ನಡೆಸಿ ನಾಡನ್ನೇ ನಗಿಸಿದ ರಾಶಿ, ಅಂದ್ರೆ ಡಾ. ಎಂ. ಶಿವರಾಂ, ಮನಸ್ಸಿನ ಬಗ್ಗೆ 'ಮನ ಮಂಥನ' ಬರೆದರು. 1976ರಲ್ಲೇ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಜನಸಾಮಾನ್ಯರಿಗೆ ಅರ್ಥವಾಗೋ ಕನ್ನಡದಲ್ಲಿ ನೂರಾರು ಪುಸ್ತಕ ಬರೆದಿದ್ದಾರೆ. 2024ರಲ್ಲಿ ಪದ್ಮಶ್ರೀ ಬಂತು. ಪುಸ್ತಕಕ್ಕೆ ಬರ ಇಲ್ಲ. ಅದು ಹುಡುಗರ ಕೈ ಸೇರ್ತಿಲ್ಲ, ಅಷ್ಟೇ.

ಸರ್ಕಾರಕ್ಕೆ ನನ್ನದೊಂದು ಮಾತು. ಹಳ್ಳಿ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಅರಿವು ಕೇಂದ್ರ ಅಂತ ಹೆಸರೂ ಇಟ್ಟಿದ್ದೀರಿ. ಅಲ್ಲಿ ಒಂದೇ ಒಂದು ಶೆಲ್ಫು ಮಕ್ಕಳ ಮನಸ್ಸಿಗೆ ಮೀಸಲಿಡಿ. ಪಟ್ಟಿಯನ್ನ ನಿಮ್ಹಾನ್ಸ್‌ನವರ ಕೈಲಿ ಮಾಡಿಸಿ. ಇದಕ್ಕೇನು ನೂರಾರು ಕೋಟಿ ಬೇಕಾ?

ಇದು ಸಣ್ಣ ವಿಷಯ ಅಂದುಕೋಬೇಡಿ. 2022ರಲ್ಲಿ ಈ ದೇಶದಲ್ಲಿ ಜೀವ ಕಳೆದುಕೊಂಡ ವಿದ್ಯಾರ್ಥಿಗಳು 13,044. ಇದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ. ದಿನಕ್ಕೆ 35ಕ್ಕೂ ಹೆಚ್ಚು ಮನೆಗಳಲ್ಲಿ ದೀಪ ಆರಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಲೇಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಮಗುವಿನ ಕಾಲೇಜಿನಲ್ಲಿ ಇದಾರಾ? ನಾಳೆಯೇ ಹೋಗಿ ಕೇಳಿ. ಫೀಸು ಕಟ್ಟೋವಾಗ ರಸೀದಿ ಕೇಳ್ತೀರಲ್ಲ, ಹಾಗೇ ಕೇಳಿ.

ನಮ್ಮ ತಪ್ಪನ್ನೂ ಒಪ್ಕೋತೀನಿ. ರಿಸಲ್ಟ್ ದಿನ ನಾವು ಯಾರನ್ನ ತೋರಿಸ್ತೀವಿ? ಟಾಪರ್ ಬಾಯಿಗೆ ಅಪ್ಪ ಅಮ್ಮ ಪೇಡಾ ಇಡೋದನ್ನ. ಅದೇ ಹೊತ್ತಲ್ಲಿ ರೂಮಿನ ಚಿಲಕ ಹಾಕ್ಕೊಂಡು ಕೂತ ಹುಡುಗಿ ನಮ್ಮ ಪರದೆ ಮೇಲೆ ಇರಲ್ಲ. ಮುಂದಿನ ರಿಸಲ್ಟ್ ದಿನ, ಟಾಪರ್‌ಗಿಂತ ಮೊದಲು ಅವಳ ಜೊತೆ ಮಾತಾಡ್ತೀನಿ. ಇದು ಮಾತು.

ಕೊನೆಯದಾಗಿ ಅಪ್ಪ ಅಮ್ಮಂದಿರಿಗೆ. ಪುಸ್ತಕ ಕೊಟ್ಟರೆ ಮೊದಲು ನೀವೂ ಓದಿ. ಒಂದೇ ಸಾಕು, ಹತ್ತು ಬೇಡ. ದಿನಕ್ಕೆ ಎರಡು ಪುಟ ಓದಲಿ, ಆಮೇಲೆ ಹತ್ತು ನಿಮಿಷ ಮಾತು. ಅವರು ಹೇಳಲಿ, ನೀವು ಕೇಳಿ. ಎರಡು ವಾರ ಕಳೆದರೂ ಊಟ ನಿದ್ದೆ ಸರಿಹೋಗದಿದ್ರೆ ಪುಸ್ತಕ ಪಕ್ಕಕ್ಕಿಟ್ಟು ಡಾಕ್ಟರ ಹತ್ರ ಹೋಗಿ. "ಬದುಕೇ ಬೇಡ" ಅನ್ನೋ ಮಾತು ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ, ಎರಡು ಗಂಟೆಯೂ ಕಾಯಬೇಡಿ. 14416. ಟೆಲಿ ಮಾನಸ್. ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡ್ತಾರೆ. ಬರ್ಕೊಳ್ಳಿ, ಫ್ರಿಜ್ಜಿನ ಮೇಲೆ ಅಂಟಿಸಿ.

ಚಳ್ಳಕೆರೆಯ ಆ ಯಜಮಾನ್ರು ಅವತ್ತೇ ರಾತ್ರಿ ಬಸ್ ಹತ್ತಿದರು. ನಾಲ್ಕು ದಿನ ಬಿಟ್ಟು ಫೋನ್ ಮಾಡಿದ್ರು. "ಡಾಕ್ಟರಿಗೆ ತೋರಿಸಿದೀನಿ ಸಾರ್. ಇನ್ನೂ ಪೂರ್ತಿ ಸರಿಹೋಗಿಲ್ಲ. ಆದರೆ ನಿನ್ನೆ ಹೋಟೆಲಲ್ಲಿ ಎದುರಿಗೆ ಕೂತು ಒಂದು ದೋಸೆ ತಿಂದ" ಅಂದ್ರು.

ಶೇಂಗಾ ಏನಾಯ್ತು ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಯೋಚನೆ ಮಾಡಿ.